ಸುಗ್ಗಿಯ ತಿಂಗಳ ನಿದ್ದೆ

ಕೊಳವಳ್ಳಿ
15 ಜೂನ್ 2025, ಭಾನುವಾರ

ಅಕ್ಕಾ,

ಕವರಿನ ಮೇಲೆ ನನ್ನ ಅಕ್ಷರ ಕಂಡ ಕೂಡಲೇ ಒಲೆಗೆ ಹಾಕಬೇಡ. ಓದಿ ಆಮೇಲೆ ಹಾಕು. ನಿನ್ನ ಫೋನು ನನ್ನ ನಂಬರನ್ನು ಒಳಗೆ ಬಿಡುವುದಿಲ್ಲ. ಅದು ನ್ಯಾಯವೇ. ಒಂದೇ ವಾರದಲ್ಲಿ ನೂರ ಹನ್ನೆರಡು ಸಲ ಫೋನ್ ಮಾಡಿದ ತಮ್ಮನನ್ನು ಯಾವ ಅಕ್ಕ ತಾನೇ ತಡೆದುಕೊಂಡಾಳು? ಈ ಕಾಗದವನ್ನು ದೋಣಿಯವನ ಕೈಗೆ ಕೊಟ್ಟಿದ್ದರೆ ಐದು ನಿಮಿಷದಲ್ಲಿ ಕಬಿನಿ ದಾಟಿ ಬೈರಕುಪ್ಪೆಗೆ ಬಂದುಬಿಡುತ್ತಿತ್ತು. ನೀನು ಮುಟ್ಟದೆ ವಾಪಸು ಕಳಿಸಿದರೆ ಎರಡೂ ದಡದವರಿಗೆ ತಮಾಷೆಯಾಗುತ್ತದೆಂದು ಅಂಚೆಗೆ ಹಾಕುತ್ತಿದ್ದೇನೆ. ಎದುರು ದಡದ ಮನೆಗೆ ಬರಲು ಇದು ಎರಡು ರಾಜ್ಯ ಸುತ್ತಬೇಕು. ಸುತ್ತಲಿ, ನಿಧಾನವೇ ಒಳ್ಳೆಯದು ಎಂದು ಈಗೀಗ ನನಗೂ ಅನ್ನಿಸುತ್ತಿದೆ.

ಮೊದಲು ನಿನ್ನ ಮಗಳು ಪ್ರಿಯಳ ಮದುವೆಯ ಮಾತು. ಎರಡೂವರೆ ವರ್ಷವಾಯಿತು. ಧಾರೆಗೆ ಅರ್ಧ ಗಂಟೆ ಇರುವಾಗ, ಕಬಿನಿಗೆ ನಾನೇ ಸೇತುವೆ ಕಟ್ಟಿಸುತ್ತೇನೆ, ಬನ್ನಿ ಜಾಗ ತೋರಿಸುತ್ತೇನೆ ಎಂದು ಮದುಮಗನನ್ನೂ ಗಂಡಿನ ಕಡೆಯ ಹದಿನೇಳು ಜನರನ್ನೂ ದೋಣಿ ಹತ್ತಿಸಿಕೊಂಡು ಹೋದೆ. ದೋಣಿ ಮರಳಿನ ದಿಬ್ಬಕ್ಕೆ ಸಿಕ್ಕಿಕೊಂಡಿತು. ಮುಹೂರ್ತ ಮೀರಿತು. ನಾನು ದಿಬ್ಬದ ಮೇಲೆ ನಿಂತು ಇನ್ನೂ ಭಾಷಣ ಮಾಡುತ್ತಲೇ ಇದ್ದೆ. ನೀನು ದಡದಲ್ಲಿ ನಿಂತು ಕೂಗಿದ ಮಾತು ಇವತ್ತಿಗೂ ಕಿವಿಯಲ್ಲಿದೆ: "ಕುಡ್ದಿದ್ರೆ ಸೈಸ್ಕೋತಿದ್ದೆ ಕಣ್ಲಾ. ಕುಡೀದೆ ಹಿಂಗಾಡ್ತೀಯಲ್ಲ, ಇದು ಕೊಬ್ಬು. ನನ್ ಪಾಲಿಗೆ ನೀ ಇಲ್ಲ, ಹೋಗು."

ಅಕ್ಕಾ, ಅದು ಕುಡಿತವಲ್ಲ, ಕೊಬ್ಬೂ ಅಲ್ಲ. ಅದೊಂದು ಕಾಯಿಲೆ. ಬೈಪೋಲಾರ್ ಎನ್ನುತ್ತಾರೆ. ಮನಸ್ಸು ಕೆಲವು ವಾರ ಮೇಲೆ ಮೇಲೆ ಹೋಗುತ್ತದೆ. ನಿದ್ದೆ ಬೇಡ, ಅನ್ನ ಬೇಡ, ಬಾಯಿಗೆ ಬಿಡುವಿಲ್ಲ, ಲೋಕವೆಲ್ಲ ನನ್ನ ಮಾತಿಗೇ ಕಾದಿದೆ ಅನ್ನಿಸುತ್ತದೆ. ಆಮೇಲೆ ಅಷ್ಟೇ ಆಳಕ್ಕೆ ಇಳಿಯುತ್ತದೆ, ಮುಖ ತೊಳೆಯುವುದೂ ಬೆಟ್ಟ ಹತ್ತಿದಂತೆ. ಇದು ನನಗೆ ಇಪ್ಪತ್ತು ವರ್ಷದಿಂದ ಇದೆ. ಯಾರಿಗೂ ತಿಳಿಯಲಿಲ್ಲ, ಯಾಕೆ ಗೊತ್ತೇ? ನನ್ನ ಮೇಲೇರುವ ಕಾಲವೂ ಗದ್ದೆಗೆ ಆನೆ ಇಳಿಯುವ ಕಾಲವೂ ಒಂದೇ. ಭತ್ತ ಹಾಲುಗಟ್ಟಿದಾಗಿನಿಂದ ಕೊಯ್ಲಿನವರೆಗೆ ಮರದ ಮೇಲಿನ ಏರುಮಾಡದಲ್ಲಿ ಕೂತು ಕಾವಲು ಕಾಯಬೇಕಲ್ಲ? ಬೇರೆಯವರು ಮೂರನೆಯ ದಿನಕ್ಕೇ ತೂಕಡಿಸುತ್ತಿದ್ದರು. ನಾನು ಇಪ್ಪತ್ತು ದಿನ ಕಣ್ಣು ಮುಚ್ಚುತ್ತಿರಲಿಲ್ಲ. "ಶಿವನಂಜಪ್ಪನ ಮಗ ಕಣಪ್ಪಾ, ನಿದ್ದೆ ಗೆದ್ದೋನು" ಎಂದು ಊರು ಹೊಗಳಿತು. ಕೊಯ್ಲು ಮುಗಿದು ನಾನು ಹಾಸಿಗೆ ಹಿಡಿದರೆ, ಪಾಪ ಕಾವಲಿನ ದಣಿವು ಎಂದಿತು. ಒಂದು ಕಾಯಿಲೆಗೆ ಇಪ್ಪತ್ತು ವರ್ಷ ಶಾಲು ಹೊದಿಸಿದ ಊರು ನಮ್ಮದು.

ಈ ಸಲ ಫೆಬ್ರವರಿಯಲ್ಲಿ ತೀರಾ ಕೆಳಗಿಳಿದೆ. ಪೇಟೆಯ ಒಬ್ಬ ಡಾಕ್ಟರು ಮಂಕು ಹೋಗಲು ಮಾತ್ರೆ ಕೊಟ್ಟರು. ಅವರು ಹಾರಾಟದ ದಿನಗಳ ಬಗ್ಗೆ ಕೇಳಲಿಲ್ಲ, ನಾನೂ ಹೇಳಲಿಲ್ಲ. ಚೆನ್ನಾಗಿದ್ದ ದಿನಗಳ ಬಗ್ಗೆ ಡಾಕ್ಟರ ಹತ್ತಿರ ದೂರು ಹೇಳುವವರು ಯಾರಿದ್ದಾರೆ? ಆ ಮಾತ್ರೆ ತಿಂದದ್ದಕ್ಕೆ ಮೂರು ವಾರದಲ್ಲಿ ನಾನು ಮೇಲೆದ್ದು, ಹೊಳೆಯ ದಡದಲ್ಲಿ ಹಾರೆ ಹಿಡಿದು ಒಬ್ಬನೇ ಸೇತುವೆಯ ಕಂಬಕ್ಕೆ ಗುಂಡಿ ತೋಡುತ್ತಿದ್ದೆ. ಪ್ರೇಮಲತಾ ಪಕ್ಕದ ಹಾಡಿಯ ವೆಳ್ಳನ್‌ನನ್ನು ಕರೆದುಕೊಂಡು ಬಂದು, ಇಬ್ಬರೂ ಸೇರಿ ನನ್ನನ್ನು ಜೀಪಿಗೆ ಹಾಕಿದರು. ಹೆಂಡತಿಯ ಮೈಯಲ್ಲಿ ಅಷ್ಟು ಬಲವಿದೆಯೆಂದು ನನಗೆ ಗೊತ್ತಿರಲಿಲ್ಲ.

ಆಸ್ಪತ್ರೆಯಲ್ಲಿ ಸಿಕ್ಕಿದವರು ಡಾಕ್ಟರ್ ಅಶ್ವತಿ. ಯಾಕೆ ಬೇಜಾರು ಎಂದು ಅವರು ಕೇಳಲಿಲ್ಲ. "ಉರಕ್ಕಂ ಎಂಙನೆ?" ಎಂದರು. ನಿದ್ದೆ ಹೇಗೆ ಎಂದು. ನಾನು ಮೀಸೆ ತಿರುವಿ ಹೇಳಿದೆ: "ಸುಗ್ಗೀಲಿ ಮಲಗೋ ಮನೆತನ ಅಲ್ಲ ಡಾಕ್ಟ್ರೇ ನಮ್ದು, ನಮ್ಮಪ್ಪನೂ ಹಂಗೇಯ." ಅವರು ಪೆನ್ನು ಕೆಳಗಿಟ್ಟರು. ಸುಗ್ಗಿ ಮುಗಿದ ಮೇಲೆ ನಿಮ್ಮಪ್ಪ ಹೇಗಿರುತ್ತಿದ್ದರು ಎಂದು ಕೇಳಿದರು. ನನಗೆ ಉತ್ತರ ಗೊತ್ತಿಲ್ಲ. ಆನೆ ಅಟ್ಟಿಸಿಕೊಂಡು ಬಂದು ಅಪ್ಪ ಹೊಳೆಯ ಪಾಲಾದಾಗ ನನಗೆ ಆರು ವರ್ಷ. ಅವ್ವ ಹೋಗಿ ಹತ್ತು ವರ್ಷವಾಯಿತು. ಅಪ್ಪ ಹೋದಾಗ ಹದಿನಾರರ ಹುಡುಗಿಯಾಗಿದ್ದ ನಿನಗೆ ಮಾತ್ರ ಗೊತ್ತು. ಈ ಕಾಯಿಲೆ ಮನೆತನದಲ್ಲಿ ಇದ್ದರೆ, ಈಗ ಕೊಟ್ಟಿರುವ ಹೊಸ ಮಾತ್ರೆಯನ್ನು ಇನ್ನಷ್ಟು ನಂಬಿಕೆಯಿಂದ ಮುಂದುವರಿಸಬಹುದು ಎನ್ನುತ್ತಾರೆ.

ಮದುವೆಯ ತಪ್ಪಿಗೆ ಕ್ಷಮೆ ಕೇಳುತ್ತೇನೆ. ಕಾಯಿಲೆಯೇ ಮಾಡಿಸಿದ್ದಾದರೂ ಅವಮಾನವಾದದ್ದು ನಿನಗೇ.

ಈಗ ದಿನಕ್ಕೆ ಎಂಟು ಗಂಟೆ ಮಲಗುವ,
ನಿನ್ನ ತಮ್ಮ ಗುರುಮೂರ್ತಿ


ಕೊಳವಳ್ಳಿ
6 ಜುಲೈ 2025

ಅಕ್ಕಾ,

ಕಾಗದ ವಾಪಸು ಬಂದಿಲ್ಲ. ನಿನ್ನ ಮನೆಯಲ್ಲೇ ಎಲ್ಲೋ ಇದೆ ಎಂದು ನಂಬಿದ್ದೇನೆ. ನೀನು ಬರೆಯದಿದ್ದರೂ ನಾನು ಬರೆಯುತ್ತೇನೆ. ಶಾಲೆಯಲ್ಲಿ ಮಲಯಾಳ ಕಲಿತು ಬಂದವನನ್ನು ಸಂಜೆ ಕೂರಿಸಿಕೊಂಡು ಸ್ಲೇಟಿನ ಮೇಲೆ ಕನ್ನಡ ತಿದ್ದಿಸಿದವಳು ನೀನು. ಕಲಿಸಿದ ತಪ್ಪಿಗೆ ಓದು.

ಮಾತ್ರೆಯ ಹೆಸರು ಲಿಥಿಯಂ. ಜ್ವರದ ಮಾತ್ರೆಯ ಹಾಗೆ ತಿಂದ ದಿನವೇ ಕೆಲಸ ಮಾಡುವಂಥದ್ದಲ್ಲ. ರಕ್ತದಲ್ಲಿ ಎಷ್ಟಿದೆ ಎಂದು ಆಗಾಗ ಅಳೆಯಬೇಕು. ಕಡಿಮೆಯಾದರೆ ಉಪಯೋಗವಿಲ್ಲ, ಹೆಚ್ಚಾದರೆ ವಿಷ. ಮಾತ್ರೆ ತಿಂದು ಸರಿಯಾಗಿ ಹನ್ನೆರಡು ಗಂಟೆ ಕಳೆದ ಮೇಲೆ ರಕ್ತ ಕೊಡಬೇಕು. ಹಾಗಾಗಿ ನಮ್ಮ ಮನೆಯಲ್ಲಿ ಈಗ ಗಡಿಯಾರಕ್ಕೆ ಬಹಳ ಮರ್ಯಾದೆ. ಬಾಯಿ ಒಣಗುತ್ತದೆ, ನೀರು ಕುಡಿದು ಕುಡಿದು ಬಿಂದಿಗೆ ಬರಿದಾಗುತ್ತದೆ. ಕೈ ಸ್ವಲ್ಪ ನಡುಗುತ್ತದೆ. ಪ್ರೇಮಲತಾ ಕಾಫಿಯನ್ನು ಮುಕ್ಕಾಲು ಲೋಟ ಮಾತ್ರ ತುಂಬಿಸುತ್ತಾಳೆ. ಉಳಿದ ಕಾಲು ಲೋಟ ಅವಳೇ ಕುಡಿಯುತ್ತಾಳೆ ಎಂಬ ಅನುಮಾನ ನನಗಿದೆ.

ಏನು ವ್ಯತ್ಯಾಸವಾಯಿತು ಎಂದು ಕೇಳಿದರೆ ಹೇಳುವುದು ಕಷ್ಟ. ಮೊನ್ನೆ ಮಳೆ ಬಂತು. ನಾನು ಎದ್ದು ಕಿಟಕಿ ಹಾಕಿ ಬಂದು ಕೂತೆ. ಅಷ್ಟೇ. ಮಳೆ ನನಗಾಗಿಯೇ ಬಂದಿದೆ ಅನ್ನಿಸಲಿಲ್ಲ, ನನ್ನನ್ನು ಮುಳುಗಿಸಲು ಬಂದಿದೆ ಅಂತಲೂ ಅನ್ನಿಸಲಿಲ್ಲ. ಮಳೆ ಬರೀ ಮಳೆಯಾಗಿತ್ತು. ಅಕ್ಕಾ, ನನಗೆ ಅಳು ಬಂತು, ಸಂತೋಷಕ್ಕೆ.

ಅಪ್ಪನ ಬಗ್ಗೆ ಒಂದು ಸಾಲು ಬರೆ. ಬೈದರೂ ಸರಿ, ಒಂದು ಸಾಲು.

ಕಾಯುತ್ತಿರುವ,
ಗುರು


ಬೈರಕುಪ್ಪೆ
24 ಜುಲೈ 2025, ಭೀಮನ ಅಮಾವಾಸ್ಯೆ

ಗುರುಮೂರ್ತಿಗೆ,

ಎರಡು ಕಾಗದವೂ ತಲುಪಿವೆ. ಒಲೆಗೆ ಹಾಕಿಲ್ಲ.

ಅಪ್ಪನಿಗೆ ಯಾವ ಕಾಯಿಲೆಯೂ ಇರಲಿಲ್ಲ. ಕಲ್ಲಿನಂತೆ ಗಟ್ಟಿಯಾಗಿದ್ದ. ಆನೆ ಅಟ್ಟಿಸಿಕೊಂಡು ಬಂತು, ಹೊಳೆಗೆ ಬಿದ್ದ. ಊರಿಗೆಲ್ಲ ಗೊತ್ತಿರುವುದೇ ನಿನಗೂ ಗೊತ್ತಿದೆ. ಏರುಮಾಡದ ಬುಡದಲ್ಲಿ ಅವನ ಹೆಸರಿನ ಕಲ್ಲು ನಿಲ್ಲಿಸಿ ವರ್ಷವರ್ಷ ದೀಪ ಹಚ್ಚುತ್ತಾರೆ. ಅಂಥವನನ್ನು ನಿನ್ನ ಡಾಕ್ಟರಮ್ಮನ ಪುಸ್ತಕಕ್ಕೆ ಎಳೆಯಬೇಡ.

ನಾಳೆಯಿಂದ ಶ್ರಾವಣ. ನಿನಗೆ ಎರಡು ವರ್ಷವಿದ್ದಾಗ ಜ್ವರ ನೆತ್ತಿಗೇರಿ ಬದುಕುವ ಆಸೆ ಬಿಟ್ಟಿದ್ದೆವು. ಅವ್ವ ಮಾದಪ್ಪನಿಗೆ ಹರಕೆ ಹೊತ್ತು ಒಂದು ಶ್ರಾವಣ ಪೂರ್ತಿ ಉಪ್ಪು ಬಿಟ್ಟಳು, ನೀನು ಉಳಿದೆ. ಈಗ ನಾನು ನಿನ್ನ ಹೆಸರಿನಲ್ಲಿ ಇಲ್ಲಿ ಸಪ್ಪೆ ಉಣ್ಣುತ್ತೇನೆ. ನೀನೂ ಅಲ್ಲಿ ಉಪ್ಪು ಬಿಡು. ಮಾತ್ರೆ ಬಿಡು ಎನ್ನುತ್ತಿಲ್ಲ, ಅದರ ಜೊತೆಗೆ ಇದೂ ಇರಲಿ. ಹೊಳೆ ತುಂಬಿ ನಿಂತಿದ್ದ ದೋಣಿ ಇವತ್ತು ಬಿಟ್ಟಿದ್ದಾರೆ, ಅದಕ್ಕೇ ಇದನ್ನು ಅದರಲ್ಲೇ ಕಳಿಸುತ್ತಿದ್ದೇನೆ. ಅಂಚೆಗೆ ಹಾಕಿದರೆ ಶ್ರಾವಣವೇ ಮುಗಿದುಹೋಗುತ್ತದೆ.

ಪ್ರಿಯಳಿಗೆ ಗಂಡು ಮಗು, ಹದಿನಾಲ್ಕು ತಿಂಗಳು. ಮುಹೂರ್ತ ಮೀರಿದ ಮದುವೆ ಚೆನ್ನಾಗಿಯೇ ಇದೆ.

ಶಿವಮ್ಮ


ಕೊಳವಳ್ಳಿ
17 ಆಗಸ್ಟ್ 2025

ಅಕ್ಕಾ,

ನಿನ್ನ ಕಾಗದವನ್ನು ಪ್ರೇಮಲತಾ ಮೂರು ಸಲ ಓದಿ ದೇವರ ಪಟದ ಹಿಂದೆ ಇಟ್ಟಳು. ನೀನು ಹೇಳಿದ ಹಾಗೆಯೇ ಮಾಡಿದೆವು. ಸಾರಿಗೆ ಉಪ್ಪಿಲ್ಲ, ಪಲ್ಯಕ್ಕೆ ಉಪ್ಪಿಲ್ಲ, ಮಜ್ಜಿಗೆಗೂ ಇಲ್ಲ. ಅಕ್ಕ ಮಾತಾಡಿದ್ದಾಳೆ ಎಂಬ ಖುಷಿಗೆ ಸಪ್ಪೆ ಗಂಜಿಯೂ ರುಚಿಯಾಗಿತ್ತು.

ಮುಂದಿನದನ್ನು ಓದಿ ಗಾಬರಿಯಾಗಬೇಡ, ಈಗ ಚೆನ್ನಾಗಿದ್ದೇನೆ, ಉಪ್ಪಿನಕಾಯಿ ತಿನ್ನುತ್ತಲೇ ಬರೆಯುತ್ತಿದ್ದೇನೆ. ಎರಡು ವಾರಕ್ಕೆ ಕೈ ಬಹಳ ನಡುಗತೊಡಗಿತು. ಕಾಫಿ ಅರ್ಧ ಲೋಟಕ್ಕಿಳಿಯಿತು. ಆಮೇಲೆ ವಾಂತಿ. ನಾಲಿಗೆ ತೊದಲುತ್ತಿತ್ತು. ಬದುವಿನ ಮೇಲೆ ನಡೆಯುತ್ತಾ ಎರಡು ಸಲ ಗದ್ದೆಗೆ ಬಿದ್ದೆ. ವೆಳ್ಳನ್ ಎತ್ತಿ ಕೂರಿಸಿ ಬಾಯಿ ಮೂಸಿ ನೋಡಿ, "ಕುಡ್ದೂ ಇಲ್ಲ, ಮತ್ಯಾಕೆ ಬೀಳ್ತೀಯ?" ಎಂದ. ಈ ಮಾತ್ರೆಯೇ ನನ್ನನ್ನು ಕೊಲ್ಲುತ್ತಿದೆ ಎಂದು ನಾನು ಡಬ್ಬಿ ಹಿಡಿದು ಹೊಳೆಗೆ ಎಸೆಯಲು ಹೊರಟಿದ್ದೆ. ಪ್ರೇಮಲತಾ ಅಡ್ಡ ನಿಂತು, "ಎಸೀರಿ, ಆದ್ರೆ ಡಾಕ್ಟ್ರಮ್ಮನ ಮುಂದೆ ಎಸೀರಿ" ಎಂದು ಮತ್ತೆ ಜೀಪು ಹತ್ತಿಸಿದಳು.

ಡಾಕ್ಟರು ರಕ್ತ ನೋಡಿ ಹೌಹಾರಿದರು. ಮಾತ್ರೆ ಅಷ್ಟೇ ತಿಂದಿದ್ದೇನೆ, ರಕ್ತದಲ್ಲಿ ಮಾತ್ರ ಎರಡರಷ್ಟಿದೆ. ಜ್ವರ ಬಂತೇ, ಭೇದಿಯಾಯಿತೇ, ಬೇರೆ ಮಾತ್ರೆ ತಿಂದಿರೇ ಎಂದು ಕೇಳಿ ಕೇಳಿ ಸೋತು, ಕೊನೆಗೆ ಊಟ ಏನು ಎಂದರು. ಹರಕೆಯ ಸುದ್ದಿ ಪ್ರೇಮಲತಾ ಹೇಳಿದಳು. ಲಿಥಿಯಂ ಎನ್ನುವುದೂ ಒಂದು ಬಗೆಯ ಉಪ್ಪೇ ಅಂತೆ. ಊಟದಲ್ಲಿ ಉಪ್ಪು ಇಲ್ಲವಾದರೆ ಮೈ ಈ ಉಪ್ಪನ್ನು ಹೊರಗೆ ಬಿಡದೆ ಹಿಡಿದಿಟ್ಟುಕೊಳ್ಳುತ್ತದಂತೆ. ನಾಲ್ಕು ದಿನ ಆಸ್ಪತ್ರೆಯಲ್ಲಿ ಮಲಗಿಸಿ, ಮಾತ್ರೆ ನಿಲ್ಲಿಸಿ, ಬಾಟಲಿ ಏರಿಸಿದರು. ಇನ್ನೆರಡು ದಿನ ಬಿಟ್ಟು ಸ್ವಲ್ಪ ಕಡಿಮೆ ಮಾಡಿ ಮತ್ತೆ ಶುರು ಮಾಡುತ್ತಾರೆ.

"ಉಪ್ಪು ಬಿಡಬೇಡಿ, ಒಮ್ಮೆಗೇ ಹೆಚ್ಚೂ ತಿನ್ನಬೇಡಿ, ದಿನಾ ಒಂದೇ ಸಮ ಇರಲಿ. ಇದನ್ನು ಮೊದಲೇ ಹೇಳಿದ್ದೆ, ಇನ್ನೂ ಗಟ್ಟಿಯಾಗಿ ಹೇಳಬೇಕಿತ್ತು" ಎಂದರು ಡಾಕ್ಟರು. ಅವರು ಹೇಳಿದ್ದು ನಿಜ. ಹೇಳಿದಾಗ ನಾನು ಕಿಟಕಿಯಾಚೆ ಕೋತಿ ನೋಡುತ್ತಿದ್ದೆ.

ನಿನ್ನ ಹರಕೆ ಇನ್ನೂ ನಡೆದಿದ್ದರೆ ನಿಲ್ಲಿಸು. ಮಾದಪ್ಪನಿಗೆ ನಾನು ಸಮಾಧಾನ ಹೇಳುತ್ತೇನೆ.

ಉಪ್ಪು ಉಂಡವನು,
ಗುರು


ಬೈರಕುಪ್ಪೆ
31 ಆಗಸ್ಟ್ 2025

ಗುರು,

ನಿನ್ನ ಕಾಗದ ಓದಿ ನಕ್ಕುಬಿಡಬೇಕಿತ್ತು, ನಗುವ ಹಾಗೆಯೇ ಬರೆದಿದ್ದೀಯ. ನನಗೆ ಆಗಲಿಲ್ಲ. ಮೂರು ದಿನ ಅನ್ನ ಸೇರಲಿಲ್ಲ. ಇದನ್ನು ಬರೆದು ಹರಿದು, ಮತ್ತೆ ಬರೆದಿದ್ದೇನೆ. ಮಗುವನ್ನು ಎತ್ತಿಕೊಂಡು ಪ್ರಿಯ ಅಂಗಡಿಗೆ ಹೋಗಿದ್ದಾಳೆ. ಅವಳು ಬರುವುದರೊಳಗೆ ಮುಗಿಸಬೇಕು.

ಅಪ್ಪನಿಗೆ ಆನೆ ಏನೂ ಮಾಡಲಿಲ್ಲ.

ಸುಗ್ಗಿಯಲ್ಲಿ ಅವನೂ ನಿನ್ನ ಹಾಗೆಯೇ. ಏರುಮಾಡದಿಂದ ಇಳಿದು ಬಂದು ಹಗಲೂ ಮಲಗುತ್ತಿರಲಿಲ್ಲ. ಮನೆಯ ಹೆಂಚು ಇಳಿಸಿ ಮತ್ತೆ ಹೊದಿಸುತ್ತಿದ್ದ, ಹಾಡುತ್ತಿದ್ದ, ದಾರಿಯಲ್ಲಿ ಹೋಗುವವರನ್ನೆಲ್ಲ ಊಟಕ್ಕೆ ಕರೆತರುತ್ತಿದ್ದ. ಸಂಕ್ರಾಂತಿ ಕಳೆದರೆ ಗೋಡೆಯ ಕಡೆ ಮುಖ ಮಾಡಿ ಮಲಗಿದನೆಂದರೆ ಯುಗಾದಿಯವರೆಗೆ ಏಳುತ್ತಿರಲಿಲ್ಲ. ನಿದ್ದೆಯಲ್ಲ, ಕಣ್ಣು ತೆರೆದೇ ಇರುತ್ತಿತ್ತು. ನಿನ್ನ ಡಾಕ್ಟರು ಕೇಳಿದ್ದಕ್ಕೆ ಇದು ಉತ್ತರ. ಪ್ರತಿ ವರ್ಷವೂ ಹೀಗೆ.

ಎಂಬತ್ತೊಂಬತ್ತರಲ್ಲಿ ಶಿವರಾತ್ರಿಗೆ ಇನ್ನು ಹತ್ತು ದಿನವಿತ್ತು. ನನ್ನನ್ನು ನೋಡಲು ಮಾರನೆಯ ದಿನ ಗಂಡಿನವರು ಬರುವವರಿದ್ದರು. ಅಪ್ಪ ಮೀಯದೆ, ಗಡ್ಡ ತೆಗೆಯದೆ ಅದೇ ಗೋಡೆಯ ಕಡೆ ಮಲಗಿದ್ದ. ನನಗೆ ಸಿಟ್ಟು ಬಂತು. "ಬಂದೋರ್ ಮುಂದೆ ನಾ ಏನಂತ ಹೇಳ್ಲಿ? ನೀ ಇದ್ರೂ ಒಂದೇ, ಇಲ್ದಿದ್ರೂ ಒಂದೇ" ಎಂದುಬಿಟ್ಟೆ. ಅವನು ತಿರುಗಿ ನನ್ನನ್ನು ನೋಡಿದ. ಬೆಳಿಗ್ಗೆ ಹಾಸಿಗೆ ಖಾಲಿಯಾಗಿತ್ತು. ಹೊಳೆಯಲ್ಲಿ ಅವನನ್ನು ಕಂಡವನು ವೆಳ್ಳನ್. ದಡದಲ್ಲಿ ಮೆಟ್ಟು ಜೋಡಿಸಿಟ್ಟಿತ್ತು. ಆನೆಗೆ ಹೆದರಿ ಓಡುವವನು ಮೆಟ್ಟು ಜೋಡಿಸಿಡುತ್ತಾನೆಯೇ?

ನನ್ನ ಮದುವೆ ನಿಲ್ಲಬಾರದು, ನೀನು ಅವಮಾನದಲ್ಲಿ ಬೆಳೆಯಬಾರದು ಎಂದು ಅವ್ವ ಆನೆಯ ಕಥೆ ಕಟ್ಟಿದಳು, ನಾಲ್ಕು ಹಿರಿಯರು ಒಪ್ಪಿದರು. ಮಾದಪ್ಪನ ಮೇಲೆ ನನ್ನ ಕೈಯಲ್ಲಿ ಆಣೆ ಹಾಕಿಸಿದಳು. ಮೂವತ್ತಾರು ವರ್ಷ ಆಣೆ ಕಾಪಾಡಿದ್ದೇನೆ. ಅಪ್ಪನನ್ನು ಹೊಳೆಗೆ ಕಳಿಸಿದ್ದು ನನ್ನ ಮಾತು ಎಂಬುದು ಅವ್ವನಿಗೂ ಗೊತ್ತಿರಲಿಲ್ಲ. ನೀನು ಮದುವೆ ಮನೆಯಲ್ಲಿ ಹಾಗೆ ಕುಣಿದಾಗ ನನಗೆ ಕಂಡದ್ದು ಅಪ್ಪನೇ. ಇನ್ನೊಂದು ಸಲ ನೋಡಲಾರೆ ಎಂದು ನಿನ್ನನ್ನು ದೂರ ಮಾಡಿದೆ.

ಈಗ ಮತ್ತೆ ಒಂದು ಮಾತು ಹೇಳಿದೆ, ಉಪ್ಪು ಬಿಡು ಎಂದು. ನೀನೂ ಹೋಗುತ್ತಿದ್ದೆ. ನನ್ನ ಬಾಯಲ್ಲೇ ಏನೋ ಇದೆ ಗುರು. ಇನ್ನು ಮೇಲೆ ನಿನಗೆ ನಾನು ಏನೂ ಹೇಳುವುದಿಲ್ಲ. ಈ ಕಾಗದವನ್ನು ನಿನ್ನ ಡಾಕ್ಟರಮ್ಮನಿಗೆ ತೋರಿಸು.

ನಿನ್ನ ಅಕ್ಕ


ಕೊಳವಳ್ಳಿ
14 ಸೆಪ್ಟೆಂಬರ್ 2025

ನನ್ನ ಅಕ್ಕಾ,

ತೋರಿಸಿದೆ. ಡಾಕ್ಟರಿಗೆ ಕನ್ನಡ ಓದಲು ಬರುವುದಿಲ್ಲ, ನಾನೇ ಒಂದೊಂದು ಸಾಲನ್ನೂ ಮಲಯಾಳದಲ್ಲಿ ಹೇಳಿದೆ. ಮೆಟ್ಟಿನ ಮಾತು ಬಂದಾಗ ನನ್ನ ಕೈಯಲ್ಲಿ ಆಗಲಿಲ್ಲ, ಪ್ರೇಮಲತಾ ಮುಂದುವರಿಸಿದಳು. ಅವರು ಮತ್ತೆ ಪೆನ್ನು ಕೆಳಗಿಟ್ಟರು. ಅವರು ಹೇಳಿದ್ದನ್ನು ಒಂದಕ್ಷರ ಬಿಡದೆ ಬರೆಯುತ್ತೇನೆ, ನಿನಗೇ ಹೇಳಿ ಕಳಿಸಿದ್ದಾರೆ:

"ನಿಮ್ಮ ಅಕ್ಕನಿಗೆ ಹೇಳಿ, ಹದಿನಾರು ವರ್ಷದ ಹುಡುಗಿಯ ಒಂದು ಮಾತಿಗೆ ಅಷ್ಟು ಶಕ್ತಿಯಿಲ್ಲ. ಮನೆ ಮನೆಯಲ್ಲಿ ಮಕ್ಕಳು ಸಿಟ್ಟಿನಲ್ಲಿ ಅದಕ್ಕಿಂತ ಕೆಟ್ಟ ಮಾತು ಆಡುತ್ತಾರೆ, ಅಪ್ಪಂದಿರು ಬೈದು ಸುಮ್ಮನಾಗುತ್ತಾರೆ. ನಿಮ್ಮಪ್ಪನಿಗೆ ಇದ್ದದ್ದು ಕಾಯಿಲೆ. ಈ ಮಾತ್ರೆ ಆ ಕಾಲದಲ್ಲೂ ಇತ್ತು. ನಿದ್ದೆ ಹೇಗೆ ಎಂದು ಅವರನ್ನು ಕೇಳುವವರು ಇರಲಿಲ್ಲ, ಅಷ್ಟೇ."

ಅಕ್ಕಾ, ನನಗೆ ದುಃಖವಾಯಿತು, ಆದರೆ ನೀನು ಹೆದರಿದ ರೀತಿಯಲ್ಲಲ್ಲ. ಅಪ್ಪ ಆನೆಗೆ ಹೆದರದ ಗಂಡು, ನಾನು ಹಾಸಿಗೆ ಹಿಡಿಯುವ ಹೇಡಿ ಎಂದು ಪ್ರತಿ ಫೆಬ್ರವರಿಯಲ್ಲೂ ನನ್ನನ್ನೇ ಬೈದುಕೊಳ್ಳುತ್ತಿದ್ದೆ. ಆ ಕಲ್ಲಿನ ಮುಂದೆ ತಲೆ ಎತ್ತಲು ನಾಚಿಕೆಯಾಗುತ್ತಿತ್ತು. ಈಗ ಅಪ್ಪ ನನಗೆ ಹತ್ತಿರವಾಗಿದ್ದಾನೆ. ಅವನೂ ನನ್ನ ಹಾಗೆ ಮುಖ ತೊಳೆಯಲಾರದೆ ಮಲಗಿದ್ದನಲ್ಲ ಎಂದು ನೆನೆದರೆ ಎಬ್ಬಿಸಿ ಜೀಪು ಹತ್ತಿಸಬೇಕು ಅನ್ನಿಸುತ್ತದೆ.

ಉಪ್ಪಿನ ಮಾತು ಬಿಡು. ಆ ಸಪ್ಪೆ ಊಟದಿಂದಲೇ ನಿನ್ನ ಈ ಕಾಗದ ಬಂತು. ಇನ್ನು ಮೇಲೆ ಏನೂ ಹೇಳುವುದಿಲ್ಲ ಎಂದಿದ್ದೀಯ. ಬೈಯದ ಅಕ್ಕನನ್ನು ಇಟ್ಟುಕೊಂಡು ನಾನೇನು ಮಾಡಲಿ? ಎಂದಿನಂತೆ ಹೇಳು, ನಾನು ಡಾಕ್ಟರನ್ನು ಕೇಳಿ ಮಾಡುತ್ತೇನೆ.

ನಿನ್ನ ಗುರು


ಕೊಳವಳ್ಳಿ
9 ನವೆಂಬರ್ 2025

ಅಕ್ಕಾ,

ಒಂದು ತಪ್ಪು ಮಾಡಿದ್ದೇನೆ. ನಿನಗೆ ಹೇಳಿದರೆ ಹಗುರವಾದೀತು.

ಭತ್ತ ಹಾಲುಗಟ್ಟಿದೆ. ಆನೆಗಳು ಆಚೆ ದಡದ ಕಾಡಿನಿಂದ ಎರಡು ಸಲ ಬಂದು ನೋಡಿಕೊಂಡು ಹೋಗಿವೆ. ಗದ್ದೆ ಸಮಿತಿಯ ಮಣಿಕಂಠನ್ ಹಾರ ಹಿಡಿದು ನಾಲ್ಕು ಜನರನ್ನು ಕಟ್ಟಿಕೊಂಡು ಬಂದ. "ಈ ವರ್ಷ ಒಂದು ಕಾಯ್ದುಬಿಡು ಗುರುವೇಟ್ಟಾ. ನೀ ಮೇಲಿದ್ರೆ ನಮ್ಗೆಲ್ಲಾ ನಿದ್ದೆ. ಮಾತ್ರೆ ಆಮೇಲೆ ತಿಂದ್ರಾಯ್ತು" ಎಂದ, ಅಣ್ಣ ಎಂದು ಕರೆಯುವ ಸಲಿಗೆಯಲ್ಲಿ. ಅವನು ಕೆಟ್ಟವನಲ್ಲ, ಅವನ ಗದ್ದೆಯೇ ಕಾಡಿಗೆ ಮೊದಲು. ಮಲಗಬೇಕೆಂದು ಡಾಕ್ಟರು ಹೇಳಿದ್ದಾರೆ ಎಂದೆ. ಅವರೆಲ್ಲ ನಕ್ಕರು. ಸುಗ್ಗಿಯಲ್ಲಿ ಮಲಗುವುದೂ ಒಂದು ಔಷಧವೇ?

ನಿಜ ಹೇಳುತ್ತೇನೆ, ನನಗೂ ಆಸೆಯಾಯಿತು. ಆ ಮರದ ಮೇಲೆ ಕೂತಾಗ ಬರುವ ಆ ಬೆಳಕು, ಆ ಬಲ ಇನ್ನೆಲ್ಲೂ ಸಿಗುವುದಿಲ್ಲ. ಎರಡು ದಿನ ಮಾತ್ರೆಯನ್ನು ತಿಂದಂತೆ ಮಾಡಿ ಜೇಬಿಗೆ ಹಾಕಿಕೊಂಡೆ. ಮೂರನೆಯ ದಿನ ಬೆಳಿಗ್ಗೆ ಹೊಳೆಯ ಕಡೆ ನಡೆಯುತ್ತಾ ಕಾಲಿನ ಕಡೆ ನೋಡಿದೆ. ನನ್ನ ಮೆಟ್ಟು. ಅಲ್ಲಿಂದಲೇ ತಿರುಗಿ ಬಂದು, ದಿನಕ್ಕೆ ಮೂರರಂತೆ ಉಳಿದಿದ್ದ ಆರು ಮಾತ್ರೆಗಳನ್ನೂ ಪ್ರೇಮಲತಾಳ ಕೈಯಲ್ಲಿಟ್ಟೆ. ಅವಳು ಬೈಯಲಿಲ್ಲ, ಡಾಕ್ಟರಿಗೆ ಫೋನ್ ಮಾಡಿದಳು. ಇವತ್ತಿನಿಂದ ಎಂದಿನ ಲೆಕ್ಕದಲ್ಲೇ ತಿನ್ನಿ, ಬಿಟ್ಟದ್ದನ್ನು ಸೇರಿಸಿ ತಿನ್ನಬೇಡಿ ಎಂದರು.

ಈ ತಿಂಗಳು ಇಪ್ಪತ್ತಮೂರರ ಭಾನುವಾರ ಅಪ್ಪನ ಕಲ್ಲಿಗೆ ದೀಪ ಹಚ್ಚಿ ಕಾವಲು ಶುರು ಮಾಡುತ್ತಾರೆ. ಅಲ್ಲಿಯೂ ಹಾರ ಹಾಕಿ ಕೇಳುತ್ತಾರೆ. ಕಾಯಿಲೆ ಎಂದರೆ ನಂಬುವುದಿಲ್ಲ. ಅಪ್ಪನ ಸತ್ಯ ಹೇಳಿದರೆ ನಂಬುತ್ತಾರೆ. ಆದರೆ ಅದು ನಿನ್ನ ಆಣೆ. ನೀನು ಬೇಡ ಎಂದರೆ ಬಾಯಿ ಬಿಡುವುದಿಲ್ಲ, ಬೇರೆ ದಾರಿ ಹುಡುಕುತ್ತೇನೆ.

ಗುರು


ಬೈರಕುಪ್ಪೆ
12 ನವೆಂಬರ್ 2025

ಗುರು,

ಹೇಳು. ಆಣೆ ಹಾಕಿಸಿದ್ದು ನಿನ್ನ ಒಳ್ಳೆಯದಕ್ಕೆ. ಈಗ ನಿನ್ನ ಒಳ್ಳೆಯದು ಹೇಳುವುದರಲ್ಲಿದೆ, ಅವ್ವನಿಗೂ ಇದು ಅರ್ಥವಾಗುತ್ತದೆ. ಪ್ರಿಯಳಿಗೆ ನಾನು ನಿನ್ನೆ ಹೇಳಿದೆ. ಅವಳು ನನ್ನನ್ನು ತಬ್ಬಿಕೊಂಡು, ಇಷ್ಟು ವರ್ಷ ಒಬ್ಬಳೇ ಹೊತ್ತಿದ್ದೀಯಲ್ಲಮ್ಮ ಎಂದಳು. ಆಮೇಲೆ ನಾನು ಹೊಟ್ಟೆತುಂಬ ಉಂಡೆ.

ಇನ್ನೊಂದು ಸಲ ಮಾತ್ರೆ ಜೇಬಿಗೆ ಹಾಕಿದರೆ ಹೊಳೆ ಈಜಿಕೊಂಡು ಬಂದು ಕೆನ್ನೆಗೆ ಬಾರಿಸುತ್ತೇನೆ. ಇದನ್ನು ಡಾಕ್ಟರನ್ನು ಕೇಳಬೇಕಾಗಿಲ್ಲ.

ಅಕ್ಕ


ಕೊಳವಳ್ಳಿ
30 ನವೆಂಬರ್ 2025

ಅಕ್ಕಾ,

ಹೇಳಿದೆ. ಕಳೆದ ಭಾನುವಾರ ಬೆಳಿಗ್ಗೆ ಕಲ್ಲಿನ ಮುಂದೆ ಊರೆಲ್ಲ ಸೇರಿತ್ತು. ಮಣಿಕಂಠನ್ ಹಾರ ಎತ್ತಿದಾಗ ಅದನ್ನು ತೆಗೆದುಕೊಂಡು ಅಪ್ಪನ ಕಲ್ಲಿಗೇ ಹಾಕಿದೆ. ಆಮೇಲೆ ಅಪ್ಪನನ್ನು ಆನೆ ಕೊಲ್ಲಲಿಲ್ಲ ಎಂದೆ. ಕಾಯಿಲೆ, ಮೆಟ್ಟು, ಎಲ್ಲ ಹೇಳಿದೆ. ನಿನ್ನ ಆ ಮಾತನ್ನು ಮಾತ್ರ ಹೇಳಲಿಲ್ಲ, ಅದು ಅವರಿಗೆ ಬೇಕಿರಲಿಲ್ಲ.

ಕೊನೆಗೆ ಬಾಯಿ ಬಿಟ್ಟವನು ವೆಳ್ಳನ್. ಅಪ್ಪನನ್ನು ನೀರಿನಿಂದ ಎತ್ತಿದಾಗ ಇಪ್ಪತ್ತೆರಡರ ಹುಡುಗ, ಈಗ ತಲೆಯೆಲ್ಲ ಬೆಳ್ಳಗೆ. "ಮೂವತ್ತಾರು ವರ್ಸ ಆ ಆನೆ ಮ್ಯಾಲೆ ಸುಳ್ಳು ಹೊರಿಸಿದ್ವಿ. ಪಾವಂ, ಅದು ಏನೂ ಮಾಡಿರ್ಲಿಲ್ಲ" ಎಂದ. ಪಾಪ ಎನ್ನುವುದನ್ನು ಅವನು ಯಾವತ್ತೂ ಮಲಯಾಳದಲ್ಲೇ ಹೇಳುವುದು. ಯಾರೋ ಫಕ್ಕನೆ ನಕ್ಕರು. ಆಮೇಲೆ ಎಲ್ಲರೂ ನಕ್ಕರು, ನಾನೂ ನಕ್ಕೆ, ನಗುತ್ತಲೇ ಕಣ್ಣೊರೆಸಿಕೊಂಡೆವು. ಮಣಿಕಂಠನ್ ಹತ್ತಿರ ಬಂದು ನನ್ನ ಹೆಗಲ ಮೇಲೆ ಕೈಯಿಟ್ಟು, "ಮಲಗು ಏಟ್ಟಾ, ನಾವು ನೋಡ್ಕೋತೀವಿ" ಎಂದ. ಇಪ್ಪತ್ತು ವರ್ಷದಲ್ಲಿ ಯಾರೂ ನನಗೆ ಈ ಮಾತು ಹೇಳಿರಲಿಲ್ಲ.

ಈಗ ಕಾವಲಿಗೆ ಸರದಿ ಬಂದಿದೆ. ನಾನೊಬ್ಬನೇ ಮಾಡುತ್ತಿದ್ದ ಕೆಲಸಕ್ಕೆ ಹನ್ನೆರಡು ಜನ ಬೇಕಾಗಿದ್ದಾರೆ, ಇದರಲ್ಲಿ ನನಗೆ ಸ್ವಲ್ಪ ಜಂಬವೂ ಇದೆ. ನನ್ನದು ಹಗಲು ಕೆಲಸ, ತಂತಿ ಬೇಲಿ ನೋಡುವುದು, ಹರಿದಲ್ಲಿ ಕಟ್ಟುವುದು. ರಕ್ತದ ಲೆಕ್ಕ ಸರಿಯಾಗಿದೆ. ಕಾಫಿ ಮತ್ತೆ ಮುಕ್ಕಾಲು ಲೋಟಕ್ಕೆ ಬಂದಿದೆ.

ಕೊಯ್ಲಿಗೆ ಬರುತ್ತೀಯಾ?

ಗುರು


ಕೊಳವಳ್ಳಿ, ನಿನ್ನ ಮಂಚದ ಪಕ್ಕ
11 ಜನವರಿ 2026, ಭಾನುವಾರ, ಬೆಳಿಗ್ಗೆ ಎಂಟು

ಗುರು,

ಮೊದಲ ದೋಣಿಗೆ ಬಂದೆ. ಮಗು ಎದ್ದರೆ ನನ್ನನ್ನೇ ಹುಡುಕುತ್ತದೆ, ಅದಕ್ಕೆ ಒಂಬತ್ತರ ದೋಣಿಗೆ ವಾಪಸು ಹೋಗಬೇಕು. ಬರುವಾಗ ದಾರಿಯಲ್ಲಿ ಮಣಿಕಂಠನ್ ಸಿಕ್ಕಿದ. ಕಾವಲು ಮುಗಿಸಿ ಏರುಮಾಡದಿಂದ ಇಳಿದು ಬರುತ್ತಿದ್ದ, ಕಣ್ಣು ಕೆಂಪಗೆ, ನಡೆಯುತ್ತಲೇ ಆಕಳಿಸುತ್ತಿದ್ದ. ನೀನು ಬೈಸಿಕೊಳ್ಳಲು ಸಿದ್ಧವಾಗಿ ಎದ್ದು ಕೂತಿರುತ್ತೀಯ ಎಂದುಕೊಂಡು ಬಂದರೆ ಮನೆಯೇ ನಿಶ್ಶಬ್ದ. "ಏಳ್ಸಲಾ ಅತ್ಗೆ?" ಎಂದು ಪ್ರೇಮಲತಾ ಕೇಳಿದಳು. "ಬ್ಯಾಡ ಕಣವ್ವ" ಎಂದೆ.

ಒಂದು ಗಂಟೆಯಿಂದ ನಿನ್ನನ್ನು ನೋಡುತ್ತಾ ಕೂತಿದ್ದೇನೆ. ನಮ್ಮ ಮನೆಯ ಗಂಡಸು ಸುಗ್ಗಿಯ ತಿಂಗಳಲ್ಲಿ ನಿದ್ದೆ ಮಾಡಿದ್ದನ್ನು ನನ್ನ ಜನ್ಮದಲ್ಲಿ ಇದೇ ಮೊದಲು ನೋಡಿದ್ದು. ಗೋಡೆಯ ಕಡೆ ಮುಖ ಮಾಡಿಲ್ಲ. ಕಿಟಕಿಯ ಕಡೆ ತಿರುಗಿ, ಬಾಯಿ ಬಿಟ್ಟುಕೊಂಡು, ನಾಚಿಕೆಯಿಲ್ಲದೆ ಗೊರಕೆ ಹೊಡೆಯುತ್ತಿದ್ದೀಯ. ಮುಖದ ಮೇಲೆ ಬಿಸಿಲು ಬಂದರೂ ಎಚ್ಚರವಿಲ್ಲ. ನಾನು ಮಂಚದ ಈ ಕಡೆಗೆ ಸರಿದು ಅಡ್ಡ ಕೂತೆ.

ಅಪ್ಪನಿಗೆ ಹೇಳಬಾರದ್ದನ್ನು ಹೇಳಿದೆ ಎಂದು ಮೂವತ್ತಾರು ವರ್ಷ ಅತ್ತಿದ್ದೇನೆ. ಇವತ್ತು ಅವನು ಇಲ್ಲೇ ಎಲ್ಲೋ ಮಲಗಿದ್ದಾನೆ ಅನ್ನಿಸಿತು, ಅವನಿಗೂ ನಿದ್ದೆ ಬಂದಿದೆ ಅನ್ನಿಸಿತು. ಎದೆಯ ಮೇಲಿನದು ಇಳಿಯಿತು ಗುರು.

ತಲೆದಿಂಬಿನ ಹತ್ತಿರ ಉಪ್ಪಿನಕಾಯಿ ಜಾಡಿ ಇಟ್ಟಿದ್ದೇನೆ, ದಿನಕ್ಕೆ ಒಂದೇ ಹೋಳು. ನಿನ್ನ ನಂಬರಿಗೆ ಹಾಕಿದ್ದ ತಡೆಯನ್ನು ಪ್ರಿಯಳ ಕೈಯಲ್ಲಿ ತೆಗೆಸಿದ್ದೇನೆ. ಸಾಕಾಗುವಷ್ಟು ಮಲಗಿ, ಎದ್ದು, ಕಾಫಿ ಕುಡಿದು ಆಮೇಲೆ ಫೋನ್ ಮಾಡು. ಒಂದೇ ಸಲ ಮಾಡಿದರೆ ಸಾಕು, ಎತ್ತುತ್ತೇನೆ.

ಅಕ್ಕ